ಕಾವಿನಿಂದ ತಾನೇ ಏಳುವ ಕಂಪನ: ಮಾಡಿ ನೋಡುವುದು, ಹುಡುಕಿ ನಿಲ್ಲಿಸುವುದು

ಏಪ್ರಿಲ್ ಮಧ್ಯಾಹ್ನ, ಇಂಡಿ ಕಡೆಯ ಒಂದು ಲಿಂಬೆ ತೋಟ ಅಂತಿಟ್ಟುಕೊಳ್ಳಿ. ತ್ರೀ ಫೇಸ್ ಬಂದಿದೆ, ಆಟೋ ಸ್ಟಾರ್ಟರ್ ಮೋಟರನ್ನು ಎಬ್ಬಿಸಿದೆ. ಆರು ನಿಮಿಷ ನೀರು ಬರುತ್ತದೆ, ಆಮೇಲೆ ಪಂಪ್‌ಸೆಟ್ಟಿನ ಪ್ಯಾನೆಲ್ ಡಬ್ಬಿಯೊಳಗೆ ‘ಟಕ್’. ಮೂರು ನಿಮಿಷ ಸುಮ್ಮನಿದ್ದು ಮೋಟರು ಮತ್ತೆ ತಾನೇ ಏಳುತ್ತದೆ, ಮತ್ತೆ ಆರು ನಿಮಿಷಕ್ಕೆ ‘ಟಕ್’. ಯಾರೂ ಬಟನ್ ಮುಟ್ಟಿಲ್ಲ, ಕರೆಂಟ್ ಹೋಗಿಯೂ ಇಲ್ಲ. ‘ಓಲ್ಟೇಜ್ ಸರಿ ಇಲ್ಲ’ ಎಂದು ಕೈತೊಳೆದುಕೊಂಡರೆ ಅದು ಅರ್ಧ ಸತ್ಯ. ಓಲ್ಟೇಜ್ ಕಡಿಮೆಯೇ ಇರಬಹುದು, ಆದರೆ ಅದು ಒಂದೇ ಸಮ ಕಡಿಮೆ ಇದೆ. ಒಂದೇ ಸಮ ಇರುವ ಕಾರಣ ಹೀಗೆ ಗಡಿಯಾರದಂತೆ ಬಿಟ್ಟುಬಿಟ್ಟು ಬರುವ ಆಟವನ್ನು ಹೇಗೆ ಹುಟ್ಟಿಸಿತು ಎಂಬುದೇ ಇಲ್ಲಿಯ ಪ್ರಶ್ನೆ.

ಇದಕ್ಕೆ ಸ್ವಯಂಪ್ರೇರಿತ ಕಂಪನ ಎನ್ನುತ್ತಾರೆ. ಒಂಬತ್ತು ನಿಮಿಷಕ್ಕೊಮ್ಮೆ ಸುತ್ತುವ ಈ ಪ್ಯಾನೆಲ್ಲೂ ಸೆಕೆಂಡಿಗೆ ಇನ್ನೂರು ಸಲ ನಡುಗಿ ಹಾಡುವ ಕಬ್ಬಿಣದ ಪೈಪೂ ಒಂದೇ ಮನೆತನದವು. ಮೊದಲು ಮೂರು ಸಣ್ಣ ಪ್ರಯೋಗ ಮಾಡೋಣ; ಪ್ಯಾನೆಲ್ ಮತ್ತು ಟರ್ಬೈನಿನ ವಿಷಯ ಆಮೇಲೆ ಸುಲಭವಾಗುತ್ತದೆ.

ಕೇಳಬೇಕಾದ ಮೂರು ಪ್ರಶ್ನೆ

ಒಂದೇ ಸಮನೆ ಕಾವು ಕೊಡುತ್ತಿರುವುದು ಯಾವುದು? ಆ ಕಾವಿನಿಂದ ಅಲುಗುವುದು ಯಾವುದು, ಆ ಅಲುಗಾಟ ತಿರುಗಿ ಕಾವನ್ನು ಹೇಗೆ ಹೆಚ್ಚು ಕಡಿಮೆ ಮಾಡುತ್ತದೆ? ಹಾಗೆ ಹೆಚ್ಚು ಕಡಿಮೆಯಾದ ಕಾವು ಎಷ್ಟು ತಡವಾಗಿ ತನ್ನ ಪ್ರಭಾವ ತೋರಿಸುತ್ತದೆ?

ಮೂರನೆಯದನ್ನೇ ಜನ ಬಿಟ್ಟುಬಿಡುತ್ತಾರೆ. ಪಂಚಮಿ ಜೋಕಾಲಿಯಲ್ಲಿ ಜೀಕುವವರಿಗೆ ಇದು ಗೊತ್ತು: ಎಷ್ಟು ಬಲ ಹಾಕಿದೆ ಎನ್ನುವುದಕ್ಕಿಂತ ಯಾವಾಗ ಹಾಕಿದೆ ಎನ್ನುವುದು ಮುಖ್ಯ. ಬರುವ ಜೋಕಾಲಿಗೆ ಎದುರು ತಳ್ಳಿದರೆ ನಿಲ್ಲುತ್ತದೆ, ಹೋಗುವಾಗ ತಳ್ಳಿದರೆ ಏರುತ್ತದೆ. ಕಾವು ಯಾವತ್ತೂ ತುಸು ತಡವಾಗಿಯೇ ಕೆಲಸ ಮಾಡುತ್ತದೆ. ಲೋಹ ಬಿಸಿಯಾಗಲು ಹೊತ್ತು ಬೇಕು, ಆರಲು ಇನ್ನೂ ಹೊತ್ತು ಬೇಕು. ಆ ತಡ ಸರಿಯಾದ ಗಳಿಗೆಗೆ ಬಿದ್ದರೆ ಕಂಪನ ಏಳುತ್ತದೆ, ತಪ್ಪಿದರೆ ಅಡಗುತ್ತದೆ.

ಸೀಸದ ಮೇಲೆ ಬಿಸಿ ಹಿತ್ತಾಳೆ

1805ರಲ್ಲಿ ಜರ್ಮನಿಯ ಸ್ಯಾಕ್ಸನಿಯ ಲೋಹ ಕರಗಿಸುವ ಕಾರ್ಖಾನೆಯೊಂದರಲ್ಲಿ ಶ್ವಾರ್ಟ್ಸ್ ಎಂಬ ಅಧಿಕಾರಿ ಬಿಸಿ ಬೆಳ್ಳಿಯ ಗಟ್ಟಿಯನ್ನು ತಣ್ಣನೆಯ ಅಡಿಗಲ್ಲಿನ ಮೇಲಿಟ್ಟಾಗ ಅದು ಗುಂಯ್‌ಗುಟ್ಟಿತು. 1829ರಲ್ಲಿ ಬ್ರಿಟನ್ನಿನ ಆರ್ಥರ್ ಟ್ರೆವೆಲ್ಯನ್ ಡಾಂಬರು ಬಳಿಯುವ ಬಿಸಿ ಕಬ್ಬಿಣವನ್ನು ಸೀಸದ ತುಂಡಿಗೆ ಒರಗಿಸಿ ಅದೇ ಸದ್ದು ಕೇಳಿದ. ಅವನ ಹೆಸರಿನ ತೂಗುಪಟ್ಟಿಯನ್ನು ಬೆಳಗಾವಿಯ ಉದ್ಯಮಬಾಗಿನ ಯಾವ ಮಷಿನ್ ಶಾಪಿನಲ್ಲಾದರೂ ಮಾಡಿಸಬಹುದು.

ಬೇಕಾದ್ದು: 100 ಮಿಮೀ ಉದ್ದ, 25 ಮಿಮೀ ಅಗಲ, 20 ಮಿಮೀ ದಪ್ಪದ ಹಿತ್ತಾಳೆ ಪಟ್ಟಿ. ಅದರ ಕೆಳಮುಖದ ನಡುವೆ ಉದ್ದಕ್ಕೂ 5 ಮಿಮೀ ಅಗಲ, 3 ಮಿಮೀ ಆಳದ ತೋಡು (ಗ್ರೂವ್) ಹೊಡೆಸಿ, ಎರಡೂ ಪಕ್ಕಗಳನ್ನು ಓರೆಯಾಗಿ ತೆಗೆಸಿ. ಕೆಳಗೆ ಉಳಿಯಬೇಕಾದ್ದು ಅಕ್ಕಪಕ್ಕದ ಎರಡು ಸಣ್ಣ ಅಂಚು ಮಾತ್ರ. ಒಂದು ತುದಿಗೆ 6 ಮಿಮೀ ದಪ್ಪ, 25 ಸೆಂಮೀ ಉದ್ದದ ಸಲಾಕೆಯನ್ನು ಥ್ರೆಡ್ ಮಾಡಿ ಕೂರಿಸಿ. ಇನ್ನು ಅಂಗೈಯಗಲದ ಸೀಸದ ಗಟ್ಟಿ, ದಪ್ಪ 15 ಮಿಮೀ ಇದ್ದರೆ ಸಾಕು. ಸೀಸಕ್ಕಾಗಿ ಹಳೆ ಬ್ಯಾಟರಿ ಒಡೆಯಬೇಡಿ: ಆಮ್ಲವೂ ಇರುತ್ತದೆ, ಧೂಳೂ ವಿಷ. ಗಟ್ಟಿಯನ್ನೇ ಕೊಂಡು, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಅಂಚುಗಳನ್ನು ಸಣ್ಣ ಅರ, ಆಮೇಲೆ ಎಮರಿ ಕಾಗದದಿಂದ ಉಜ್ಜಿ. ಸೀಸದ ಮೇಲ್ಮೈಯನ್ನು ಚಾಕುವಿನಿಂದ ಕೆರೆದು ಹೊಳೆಯುವಂತೆ ಮಾಡಿ. ಇಲ್ಲಿ ಆಲಸ್ಯ ಮಾಡಿದರೆ ಮುಂದಿನದೆಲ್ಲ ವ್ಯರ್ಥ, ಏಕೆಂದರೆ ಬೂದು ಪೊರೆಯೂ ಎಣ್ಣೆಯ ಜಿಡ್ಡೂ ಕಾವು ದಾಟುವುದನ್ನು ತಡೆಯುತ್ತವೆ. ಪಟ್ಟಿಯನ್ನು ಗ್ಯಾಸಿನ ಸಣ್ಣ ಉರಿಯಲ್ಲಿ ಕಾಯಿಸಿ. ನೀರಿನ ಹನಿ ಹಾಕಿದರೆ ದೋಸೆಹಂಚಿನ ಮೇಲೆ ಕುಣಿದಂತೆ ಉರುಳಿ ಓಡಬೇಕು, ಅಂದರೆ ಸುಮಾರು 200 ಡಿಗ್ರಿ. 250 ದಾಟಿಸಬೇಡಿ, ಸೀಸ 327ಕ್ಕೇ ಕರಗುತ್ತದೆ. ಈಗ ಎರಡು ಅಂಚುಗಳೂ ಸೀಸದ ಮೇಲೆ ಕೂರುವಂತೆ, ಸಲಾಕೆಯ ತುದಿ ಮೇಜಿನ ಮೇಲಿನ ನಾಣ್ಯಕ್ಕೆ ತಾಗುವಂತೆ ಇಡಿ. ತಾನೇ ಶುರುವಾಗದಿದ್ದರೆ ಒಂದು ಪಕ್ಕ ಹಗುರಾಗಿ ಕಡ್ಡಿಯಿಂದ ತಟ್ಟಿ. ಪಟ್ಟಿ ಎಡಕ್ಕೂ ಬಲಕ್ಕೂ ತೊನೆದು ತುಂಬಿಯಂತೆ ಗುಂಯ್‌ಗುಡುತ್ತದೆ.

ಒಂದು ಅಂಚು ತಾಗಿದಲ್ಲಿ ಸೀಸ ಕಾಯ್ದು ಉಬ್ಬುತ್ತದೆ, ಕಣ್ಣಿಗೆ ಕಾಣದ ಆ ದಿಬ್ಬ ಪಟ್ಟಿಯನ್ನು ಇನ್ನೊಂದು ಅಂಚಿಗೆ ಎಸೆಯುತ್ತದೆ. ಅಲ್ಲಿ ಉಬ್ಬುವ ಹೊತ್ತಿಗೆ ಇಲ್ಲಿ ಆರಿ ಕುಗ್ಗಿರುತ್ತದೆ. ಸೀಸವೇ ಏಕೆ? ಡಿಗ್ರಿಗೆ ಹತ್ತು ಲಕ್ಷದಲ್ಲಿ 29 ಪಾಲು ಹಿಗ್ಗುವ ಲೋಹ ಅದು. ತಾಮ್ರ 17, ಉಕ್ಕು ಸುಮಾರು 12. ಜೊತೆಗೆ ಕಾವು ಸಾಗಿಸುವುದರಲ್ಲಿ ಸೀಸ ತಾಮ್ರದ ಹತ್ತನೆಯ ಒಂದು ಪಾಲೂ ಇಲ್ಲ, ಹಾಗಾಗಿ ಬಿಸಿ ಒಳಗಿಳಿಯದೆ ತಾಗಿದ ಜಾಗದಲ್ಲೇ ನಿಂತು ದಿಬ್ಬವಾಗುತ್ತದೆ. ತಾಮ್ರದ ಗಟ್ಟಿಯ ಮೇಲೆ ಇದೇ ಪಟ್ಟಿ ಇಟ್ಟು ನೋಡಿ, ಮೂಕ.

ಸದ್ದು ಬರದಿದ್ದರೆ ಮೊದಲ ಗುಮಾನಿ ಸಲಾಕೆಯ ಮೇಲೆ. ಅದು ಡೊಂಕಿದ್ದರೆ ಪಟ್ಟಿ ಒಂದೇ ಅಂಚಿಗೆ ವಾಲಿಕೊಂಡು ಕೂತುಬಿಡುತ್ತದೆ.

ಹಾಡುವ ಪೈಪು

1859ರಲ್ಲಿ ಡಚ್ ಭೌತವಿಜ್ಞಾನಿ ರೈಕೆ ತೋರಿಸಿದ ಪ್ರಯೋಗ. 90 ಸೆಂಮೀ ಉದ್ದದ, ಎರಡಿಂಚಿನ ಕಪ್ಪು ಕಬ್ಬಿಣದ ಪೈಪು ತೆಗೆದುಕೊಳ್ಳಿ, ಎರಡೂ ಬಾಯಿ ತೆರೆದಿರಲಿ. ಪಿವಿಸಿ ಮೆತ್ತಗಾಗುತ್ತದೆ, ಬೇಡ. ಒಳಗೆ ಕೂರಿಸಲು ಸ್ಟೇನ್‌ಲೆಸ್ ಸ್ಟೀಲಿನ ರವೆ ಸಾಣಿಗೆಯ ಜಾಲರಿ, ಎರಡು ಪದರ. ಸತುವು ಬಳಿದ ಜಿಐ ಜಾಲರಿ ಕೆಂಪಗೆ ಕಾಯ್ದರೆ ಬಿಳಿ ಹೊಗೆ ಬಿಡುತ್ತದೆ, ಅದನ್ನು ಉಸಿರಾಡಬಾರದು. ಹಿಟ್ಟಿನ ಸಾಣಿಗೆಯದು ತೀರ ಸಣ್ಣ ಎಳೆ, ಎರಡು ಸಲಕ್ಕೇ ಸುಟ್ಟು ಹೋಗುತ್ತದೆ.

ಜಾಲರಿಯನ್ನು ಬಿಲ್ಲೆಯಾಗಿ ಕತ್ತರಿಸಿ, ಅಂಚು ಮಡಿಸಿ, ಕೆಳಬಾಯಿಯಿಂದ 22 ಸೆಂಮೀ ಮೇಲೆ ಬಿಗಿಯಾಗಿ ಕೂರುವಂತೆ ತಳ್ಳಿ. ಪೈಪನ್ನು ಸ್ಟ್ಯಾಂಡಿಗೆ ನೆಟ್ಟಗೆ ಬಿಗಿದು, ಕೆಳಗಿನಿಂದ ಬರ್ನರ್ ಉರಿ ಕೊಟ್ಟು ಜಾಲರಿ ಕೆಂಪಗಾದ ಮೇಲೆ ಉರಿ ತೆಗೆಯಿರಿ. ಒಂದೆರಡು ಸೆಕೆಂಡಿಗೆ ಸದ್ದು ಏಳುತ್ತದೆ, ಇಡೀ ಕೋಣೆ ತುಂಬುವಷ್ಟು. ಜಾಲರಿ ಆರುತ್ತಿದ್ದಂತೆ ಅಡಗುತ್ತದೆ. ಸ್ವರವನ್ನು ಮೊದಲೇ ಲೆಕ್ಕ ಹಾಕಬಹುದು: ಪೈಪಿನ ಉದ್ದಕ್ಕೆ ವ್ಯಾಸದ 0.6 ಪಾಲು ಸೇರಿಸಿದರೆ 93 ಸೆಂಮೀ. ಗಾಳಿಯಲ್ಲಿ ಶಬ್ದದ ವೇಗ 343 ಮೀಟರನ್ನು ಅದರ ಎರಡರಷ್ಟರಿಂದ ಭಾಗಿಸಿದರೆ ಸೆಕೆಂಡಿಗೆ 184 ಕಂಪನ. ಒಳಗಿನ ಗಾಳಿ ಬಿಸಿಯಿರುವುದರಿಂದ ಫೋನಿನ ಆ್ಯಪ್ ಇನ್ನೂ ಸ್ವಲ್ಪ ಮೇಲೆ ತೋರಿಸುತ್ತದೆ.

ಸದ್ದು ಬರುತ್ತಿರುವಾಗಲೇ, ವೆಲ್ಡಿಂಗ್ ಕೈಗವಸು ಹಾಕಿಕೊಂಡು ಪೈಪನ್ನು ಅಡ್ಡ ಮಲಗಿಸಿ. ತಟ್ಟನೆ ನಿಲ್ಲುತ್ತದೆ. ಮತ್ತೆ ನೆಟ್ಟಗೆ ನಿಲ್ಲಿಸಿದರೆ ಮತ್ತೆ ಹಾಡು. ಅಡ್ಡವಿದ್ದಾಗ ಬಿಸಿಗಾಳಿ ಮೇಲೇರುವ ಹರಿವೇ ಇರುವುದಿಲ್ಲ. ಹರಿವಿದ್ದಾಗ ಕಂಪಿಸುವ ಗಾಳಿಯ ಹಿಂದುಮುಂದಿನ ಓಡಾಟ ಒಮ್ಮೆ ಅದಕ್ಕೆ ಕೂಡುತ್ತದೆ, ಒಮ್ಮೆ ಅದರಿಂದ ಕಳೆಯುತ್ತದೆ. ಕೂಡಿದಾಗ ಜಾಲರಿಯಿಂದ ಹೆಚ್ಚು ಕಾವು ಗಾಳಿಗೆ ಸೇರುತ್ತದೆ. ಆ ಕಾವು ಗಾಳಿ ಒತ್ತಿಕೊಂಡಿರುವ ಗಳಿಗೆಗೆ ಬಂದು ತಲುಪಿದರೆ ಕಂಪನಕ್ಕೆ ಬಲ. ಈ ನಿಯಮವನ್ನು 1878ರಲ್ಲಿ ಸ್ಪಷ್ಟವಾಗಿ ಹೇಳಿದವನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ. ಜಾಲರಿಯನ್ನು ಮೇಲಿನ ಅರ್ಧದಲ್ಲಿ ಕೂರಿಸಿದರೆ ಗಳಿಗೆ ತಿರುಗುಮುರುಗಾಗುತ್ತದೆ, ಎಷ್ಟು ಕಾಯಿಸಿದರೂ ಸದ್ದಿಲ್ಲ. ಬಾಯಿಯ ಹತ್ತಿರ ಗಾಳಿ ಓಡಾಡುತ್ತದೆ, ಒತ್ತಡ ಏರಿಳಿಯುವುದಿಲ್ಲ. ನಡುವೆ ಒತ್ತಡ ಏರಿಳಿಯುತ್ತದೆ, ಓಡಾಟವಿಲ್ಲ. ಎರಡೂ ಚೆನ್ನಾಗಿ ಸಿಗುವ ಜಾಗ ಕೆಳಗಿನ ಕಾಲು ಭಾಗ.

ಇನ್ನೊಂದು ಪರೀಕ್ಷೆ ಕಾರ್ಖಾನೆಯವರಿಗೆ ಉಪಯೋಗದ್ದು. ಪೈಪಿನ ಸರಿ ಮಧ್ಯದಲ್ಲಿ 10 ಮಿಮೀ ತೂತು ಕೊರೆಯಿರಿ. ತೂತಿಗೆ ಬೋಲ್ಟ್ ಬಿಗಿದರೆ ಹಾಡುತ್ತದೆ, ಬಿಚ್ಚಿದರೆ ಅಡಗುತ್ತದೆ. ಒತ್ತಡ ಅತಿ ಹೆಚ್ಚಿರುವ ಜಾಗದಲ್ಲೇ ಅದು ಸೋರಿಹೋಗುತ್ತದೆ. ಫೌಂಡ್ರಿಯ ಬರ್ನರ್ ಅಥವಾ ಒಣಗಿಸುವ ಒಲೆಯ ಡಕ್ಟ್ ಒಂದು ನಿರ್ದಿಷ್ಟ ಉರಿಯಲ್ಲಿ ಮಾತ್ರ ಗೂಳಿಯಂತೆ ಹೂಂಕರಿಸಿ, ಉರಿ ಹೆಚ್ಚು ಕಡಿಮೆ ಮಾಡಿದಾಗ ಸ್ವರ ಬದಲಾಗದೆ ನಿಂತೇ ಹೋಗುತ್ತಿದ್ದರೆ, ಅದು ಬ್ಲೋವರಿನ ತಪ್ಪಲ್ಲ. ಬ್ಲೋವರ್ ಕಂಪನವಾಗಿದ್ದರೆ ಅದರ ವೇಗದ ಜೊತೆ ಸ್ವರವೂ ಏರಿಳಿಯಬೇಕಿತ್ತು. ಅಲ್ಲಿ ಫೌಂಡೇಶನ್ ಬೋಲ್ಟ್ ಬಿಗಿದು ಪ್ರಯೋಜನವಿಲ್ಲ. ಬರ್ನರ್ ಇರುವ ಜಾಗ, ಗಾಳಿ-ಇಂಧನದ ಹದ ಅಥವಾ ಡಕ್ಟಿನ ಉದ್ದ ಬದಲಾಗಬೇಕು.

ಟ್ಯೂಬ್‌ಲೈಟ್ ಸ್ಟಾರ್ಟರ್, ಒಂದು ಬಲ್ಬು

ಹಳೆಯ ಚೋಕ್ ಟ್ಯೂಬ್‌ಲೈಟಿನ ಸ್ಟಾರ್ಟರನ್ನು 60 ವ್ಯಾಟಿನ ತಂತಿ ಬಲ್ಬಿನ ಜೊತೆ ಸೀರೀಸ್‌ನಲ್ಲಿ ಜೋಡಿಸಿ 230 ಓಲ್ಟಿಗೆ ಕೊಟ್ಟರೆ ಬಲ್ಬು ಮಿಟುಕುತ್ತದೆ. ಸ್ಟಾರ್ಟರಿಗೂ ಬಲ್ಬಿಗೂ ಅವುಗಳ ಹೋಲ್ಡರನ್ನೇ ಬಳಸಿ, ಮರದ ಹಲಗೆಗೆ ಸ್ಕ್ರೂ ಮಾಡಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರುವ ಪಾಯಿಂಟಿನಿಂದಲೇ ಕರೆಂಟ್ ಕೊಡಿ. ಎಲ್‌ಇಡಿ ಬಲ್ಬು ಇದಕ್ಕೆ ಆಗದು. 100 ವ್ಯಾಟ್ ದಾಟಿದರೆ ಒಳಗಿನ ಪಟ್ಟಿಗಳು ಬೆಸೆದುಕೊಂಡು ಬಲ್ಬು ಮಿಟುಕದೆ ಉರಿಯಬಹುದು.

ಸ್ಟಾರ್ಟರಿನ ಡಬ್ಬಿಯೊಳಗಿನ ಗಾಜಿನ ಬುಡ್ಡಿಯಲ್ಲಿ ಅನಿಲ, ಅದರಲ್ಲಿ ಎರಡು ಲೋಹ ಬೆಸೆದ ಬೈಮೆಟಲ್ ಪಟ್ಟಿ. ಪಟ್ಟಿ ಬಿಟ್ಟುಕೊಂಡಿದ್ದಾಗ ಅನಿಲ ಮಿನುಗಿ ಕಾವು ಕೊಡುತ್ತದೆ, ಪಟ್ಟಿ ಬಾಗಿ ತಾಗುತ್ತದೆ. ತಾಗಿದೊಡನೆ ಬಲ್ಬು ಉರಿಯುತ್ತದೆ, ಆದರೆ ಮಿನುಗು ಆರಿಹೋಗಿ ಕಾವು ನಿಲ್ಲುತ್ತದೆ. ಪಟ್ಟಿ ತಣಿದು ಬಿಟ್ಟುಕೊಳ್ಳುತ್ತದೆ, ಮತ್ತೆ ಮೊದಲಿನಿಂದ. ಟ್ಯೂಬು ಹತ್ತಿಕೊಂಡಾಗ ಈ ಆಟ ಏಕೆ ನಿಲ್ಲುತ್ತದೆ ಎಂದರೆ, ನಾಲ್ಕಡಿ ಟ್ಯೂಬು ಉರಿಯುವಾಗ ಅದರ ಎರಡು ತುದಿಗಳ ನಡುವೆ ಉಳಿಯುವುದು ಸುಮಾರು 100 ಓಲ್ಟ್. ಅಷ್ಟಕ್ಕೆ ಸ್ಟಾರ್ಟರ್ ಮಿನುಗುವುದಿಲ್ಲ. ತುದಿ ಕಪ್ಪಾದ ಟ್ಯೂಬಿನಲ್ಲಿ ಈ ಸರಪಳಿ ಕಡಿಯುವುದೇ ಇಲ್ಲ, ಅದಕ್ಕೇ ರಾತ್ರಿಯಿಡೀ ಪಕಪಕ. ಸ್ಟಾರ್ಟರ್ ಬದಲಿಸಿದರೂ ಅದೇ ಗತಿ, ಬದಲಿಸಬೇಕಾದ್ದು ಟ್ಯೂಬು.

ಈಗ ಪಂಪ್‌ಸೆಟ್ ಪ್ಯಾನೆಲ್

ಓವರ್‌ಲೋಡ್ ರಿಲೇಯೊಳಗೂ ಇರುವುದು ಬೈಮೆಟಲ್ ಪಟ್ಟಿಯೇ. ಕರೆಂಟ್ ಹೆಚ್ಚಾದರೆ ಕಾಯ್ದು ಬಾಗಿ 95-96 ಎಂದು ಗುರುತಿರುವ ಕಾಂಟ್ಯಾಕ್ಟನ್ನು ಬಿಡಿಸುತ್ತದೆ, ಮೋಟರಿಗೆ ಕರೆಂಟ್ ಕೊಡುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಬಿದ್ದುಹೋಗುತ್ತದೆ. ರಿಲೇಯ ಮೇಲೆ ನೀಲಿ ಅಥವಾ ಬಿಳಿ ರೀಸೆಟ್ ಗುಂಡಿ, ಪಕ್ಕದಲ್ಲಿ ಹಲವು ಕಂಪನಿಗಳ ರಿಲೇಯಲ್ಲಿ ‘ಎಚ್’ ಮತ್ತು ‘ಎ’ ಗುರುತು ಇರುತ್ತದೆ: ಕೈಯಿಂದ ರೀಸೆಟ್, ತಾನೇ ರೀಸೆಟ್. ‘ಎ’ಯಲ್ಲಿದ್ದರೂ, ಹಸಿರು-ಕೆಂಪು ಬಟನ್ ಮಾತ್ರ ಇರುವ ಸ್ಟಾರ್ಟರಿನಲ್ಲಿ ಮೋಟರು ತಾನಾಗಿ ಏಳದು, ಹಿಡಿದಿಡುವ ಕಾಂಟ್ಯಾಕ್ಟ್ ಬಿಟ್ಟುಹೋಗಿರುತ್ತದೆ. ಆಟೋ ಸ್ಟಾರ್ಟರ್ ಅಥವಾ ಫ್ಲೋಟ್ ಸ್ವಿಚ್ ಇದ್ದರೆ ಹಾಗಲ್ಲ. ಪಟ್ಟಿ ತಣಿದ ಕೂಡಲೇ ಮೋಟರು ಎದ್ದೇ ಏಳುತ್ತದೆ. ಮೇಲಿನ ಬಲ್ಬಿನ ಆಟವೇ ಇಲ್ಲಿ ಐದು ಎಚ್‌ಪಿ ಮೋಟರಿನಲ್ಲಿ ನಡೆಯುತ್ತದೆ.

ಇದು ಮೋಟರನ್ನು ಸುಡುವುದು ಎರಡು ತಡಗಳ ವ್ಯತ್ಯಾಸದಿಂದ. ಕೆಲವೇ ಗ್ರಾಂ ತೂಕದ ಪಟ್ಟಿ ಮೂರ್ನಾಲ್ಕು ನಿಮಿಷಕ್ಕೆ ಆರುತ್ತದೆ. ಹತ್ತಾರು ಕಿಲೋ ಕಬ್ಬಿಣ-ತಾಮ್ರದ ವೈಂಡಿಂಗ್ ಆರಲು ಅದು ಎಲ್ಲಿ ಸಾಲುತ್ತದೆ? ಪ್ರತಿ ಸಲ ಏಳುವಾಗ ಮೋಟರು ಆರೇಳು ಪಟ್ಟು ಕರೆಂಟ್ ಎಳೆಯುತ್ತದೆ. ಆರು ಪಟ್ಟೆಂದರೆ ತಂತಿಯಲ್ಲಿ ಮೂವತ್ತಾರು ಪಟ್ಟು ಕಾವು. ಮೂರು ಸೆಕೆಂಡಿನ ಸ್ಟಾರ್ಟ್ ಪೂರ್ತಿ ಲೋಡಿನ 108 ಸೆಕೆಂಡಿನ ಕಾವಿಗೆ ಸಮ. ಹೀಗೆ ಸುತ್ತುಸುತ್ತಿಗೂ ವೈಂಡಿಂಗ್ ಒಂದೊಂದು ಮೆಟ್ಟಿಲು ಏರುತ್ತದೆ, ರಿಲೇಗೆ ಅದು ಗೊತ್ತೇ ಆಗುವುದಿಲ್ಲ.

ಹುಡುಕುವ ಕ್ರಮ ಹೀಗಿರಲಿ:

1. ಮೊದಲು ಏನನ್ನೂ ಮುಟ್ಟದೆ ಐದಾರು ಸುತ್ತು ಗಡಿಯಾರ ನೋಡಿ ಬರೆದುಕೊಳ್ಳಿ. ಓಡಿದ ಹೊತ್ತೂ ನಿಂತ ಹೊತ್ತೂ ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಇದ್ದರೆ ಕಾವಿನ ಸುತ್ತು. ಲಂಗುಲಗಾಮಿಲ್ಲದೆ ಇದ್ದರೆ ಸಡಿಲ ತಂತಿ ಅಥವಾ ಸಪ್ಲೈ. ಮೊದಲ ಓಟ ಉದ್ದ, ಆಮೇಲಿನವು ಗಿಡ್ಡ ಇರುವುದು ಸಹಜ, ಏಕೆಂದರೆ ಪಟ್ಟಿ ಪೂರ್ತಿ ತಣ್ಣಗಾಗಿರುವುದಿಲ್ಲ.

2. ಓಡುತ್ತಿರುವಾಗ ಟಾಂಗ್ ಟೆಸ್ಟರಿನಿಂದ (ತಂತಿಯನ್ನು ಸುತ್ತುವರಿದು ಕರೆಂಟ್ ಅಳೆಯುವ ಮೀಟರು) ಮೂರೂ ಫೇಸಿನ ಕರೆಂಟ್, ಮಲ್ಟಿಮೀಟರಿನಿಂದ ಫೇಸ್-ಫೇಸ್ ಓಲ್ಟೇಜ್ ಅಳೆಯಿರಿ. ಬಾವಿಯ ಮೇಲಿನ 5 ಎಚ್‌ಪಿ ಮೋನೋಬ್ಲಾಕಿಗೆ 415 ಓಲ್ಟಿನಲ್ಲಿ ಸುಮಾರು 7.5 ಆಂಪ್ ಸರಿ. ಸಬ್‌ಮರ್ಸಿಬಲ್‌ಗೆ ಇದಕ್ಕಿಂತ ಹೆಚ್ಚು, ನೇಮ್‌ಪ್ಲೇಟ್ ನೋಡಲೇಬೇಕು.

3. ಮೂರರಲ್ಲೂ ಸಮನಾಗಿ ಹೆಚ್ಚಿದ್ದರೆ ಓಲ್ಟೇಜ್ ಕಡಿಮೆ ಅಥವಾ ಪಂಪಿನ ಲೋಡ್ ಜಾಸ್ತಿ. 415 ಇರಬೇಕಾದಲ್ಲಿ 340 ಇದ್ದರೆ ಅದೇ ಕೆಲಸಕ್ಕೆ 7.5 ಆಂಪ್ ಸುಮಾರು 9 ಆಗುತ್ತದೆ. ಒಂದರಲ್ಲಿ ಮಾತ್ರ ಹೆಚ್ಚಿದ್ದರೆ ಫೇಸುಗಳ ಅಸಮತೆ. ಓಲ್ಟೇಜಿನಲ್ಲಿ ಶೇಕಡಾ 1ರ ಅಸಮತೆ ಕರೆಂಟಿನಲ್ಲಿ ಆರರಿಂದ ಹತ್ತರಷ್ಟಾಗಿ ಕಾಣುತ್ತದೆ. ಮೂರೂ ಸರಿಯಿದ್ದು ಆದರೂ ಬೀಳುತ್ತಿದ್ದರೆ ತಪ್ಪು ಪ್ಯಾನೆಲ್ಲಿನೊಳಗೇ ಇದೆ. ಬೋರಿನಲ್ಲಿ ನೀರು ಮುಗಿದರೆ ಕರೆಂಟ್ ಇಳಿಯುತ್ತದೆ, ಏರುವುದಿಲ್ಲ. ಅದರಿಂದ ಈ ರಿಲೇ ಬೀಳದು, ಅದಕ್ಕೆ ಡ್ರೈ ರನ್ ರಕ್ಷಣೆ ಬೇರೆಯೇ ಬೇಕು.

4. ಮೇನ್ ತೆಗೆದು, ಫ್ಯೂಜ್ ಕಿತ್ತು ಜೇಬಿಗೆ ಹಾಕಿಕೊಂಡು, ಟೆಸ್ಟರಿನಿಂದ ಮೂರೂ ಫೇಸ್ ಸತ್ತಿರುವುದನ್ನು ನೋಡಿದ ಮೇಲೆ ರಿಲೇಯ ಟರ್ಮಿನಲ್ಲುಗಳಿಗೆ ಕೈ ಹಾಕಿ. ನೀಲಿಗಟ್ಟಿದ ಸ್ಕ್ರೂ, ಕರಗಿದ ಇನ್ಸುಲೇಶನ್ ಹುಡುಕಿ. ಅಲ್ಯೂಮಿನಿಯಂ ತಂತಿಯನ್ನು ಲಗ್ (ತಂತಿಯ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಇಲ್ಲದೆ ಸ್ಕ್ರೂ ಕೆಳಗೆ ಸುತ್ತಿದ್ದರೆ ಅಲ್ಲೇ ಕಳ್ಳ: ಕಾಯ್ದು ಹಿಗ್ಗುವಾಗ ತಂತಿ ಜಜ್ಜಿಹೋಗುತ್ತದೆ, ಆರಿದಾಗ ಸಡಿಲ ಉಳಿಯುತ್ತದೆ, ಸಡಿಲಾದಷ್ಟೂ ಇನ್ನಷ್ಟು ಕಾಯುತ್ತದೆ. ಆ ಕಾವು ಸ್ಕ್ರೂ ಮೂಲಕ ಪಟ್ಟಿಗೆ ಹತ್ತಿ, ಕರೆಂಟ್ ಸರಿಯಿದ್ದರೂ ರಿಲೇಯನ್ನು ಬೀಳಿಸುತ್ತದೆ. ಸುಟ್ಟ ಭಾಗ ಕತ್ತರಿಸಿ, ಸರಿಯಾದ ಲಗ್ ಕ್ರಿಂಪ್ ಮಾಡಿ ಬಿಗಿಯಿರಿ.

5. ಡಯಲ್ ಹೊಂದಿಸಿ. ಡೈರೆಕ್ಟ್ ಸ್ಟಾರ್ಟರಿನಲ್ಲಿ ನೇಮ್‌ಪ್ಲೇಟಿನ ಆಂಪ್ ಎಷ್ಟೋ ಅಷ್ಟು. ಸ್ಟಾರ್-ಡೆಲ್ಟಾದಲ್ಲಿ ರಿಲೇ ವೈಂಡಿಂಗಿನ ದಾರಿಯಲ್ಲಿದ್ದರೆ ಅದರ 0.58 ಪಾಲು: 14.5 ಆಂಪಿನ 10 ಎಚ್‌ಪಿ ಮೋಟರಿಗೆ 8.4. ಪದೇ ಪದೇ ಬೀಳುತ್ತದೆಂದು ಡಯಲನ್ನು ಮೇಲೆ ತಿರುಗಿಸುವುದು ಊರೂರಲ್ಲಿ ನಡೆಯುವ ‘ರಿಪೇರಿ’. ಅದರಿಂದ ಲಾಭವಾಗುವುದು ವೈಂಡಿಂಗ್ ಅಂಗಡಿಗೆ.

6. ರೀಸೆಟ್ಟನ್ನು ‘ಎಚ್’ಗೆ ತಿರುಗಿಸಿ. ಸುತ್ತು ಕಡಿಯುವುದು ಇಲ್ಲಿ. ಆಟೋ ಸ್ಟಾರ್ಟರ್ ಇರಲಿ, ಕರೆಂಟ್ ಬಂದಾಗ ಎಬ್ಬಿಸಲಿ. ಓವರ್‌ಲೋಡಿಗೆ ಬಿದ್ದರೆ ಮಾತ್ರ ಮನುಷ್ಯ ಬಂದು ನೋಡಿಯೇ ಒತ್ತಬೇಕು. ರಾತ್ರಿ ಹೊಲಕ್ಕೆ ಬರಬೇಕಲ್ಲ ಎನ್ನುವುದು ನಿಜ, ಆದರೆ ಸಬ್‌ಮರ್ಸಿಬಲ್ ಮೇಲೆತ್ತಿ ಇಳಿಸುವ ಖರ್ಚಿನ ಮುಂದೆ ಅದು ಹಗುರ. ಒತ್ತುವ ಮುಂಚೆ ಕನಿಷ್ಠ ಅರ್ಧ ಗಂಟೆ ಬಿಡಿ.

ರಿಲೇ ಬದಲಿಸುವಾಗ ಕ್ಲಾಸ್ 10 ಎಂದಿರುವುದನ್ನು ಕೇಳಿ. ಹೊಂದಿಸಿದ್ದಕ್ಕಿಂತ 1.2 ಪಟ್ಟು ಕರೆಂಟಿಗೆ ಅದು ಎರಡು ಗಂಟೆಯೊಳಗೆ ಬೀಳಬೇಕು, ಕಾಯ್ದಿರುವಾಗ 1.5 ಪಟ್ಟಿಗೆ ನಾಲ್ಕು ನಿಮಿಷದೊಳಗೆ. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬಿಸಿಲಿಗೆ ನಿಂತ ಕಬ್ಬಿಣದ ಡಬ್ಬಿಯೊಳಗೆ ಇನ್ನೂ ಹೆಚ್ಚು. ಹೊರಗಿನ ಉಷ್ಣಾಂಶ ಸರಿದೂಗಿಸುವ ಪಟ್ಟಿಯಿಲ್ಲದ ಅಗ್ಗದ ರಿಲೇ ಅಷ್ಟಕ್ಕೇ ಅರ್ಧ ಬಾಗಿರುತ್ತದೆ. ಡಬ್ಬಿಯನ್ನು ಬೇವಿನ ನೆರಳಿಗೆ, ಉತ್ತರದ ಗೋಡೆಗೆ ಸರಿಸುವುದೂ ರಿಪೇರಿಯೇ.

ಫ್ರಿಜ್ಜಿನ ಹಿಂದೆ ನಿಮಿಷಗಳಿಗೊಮ್ಮೆ ‘ಟಕ್’ ಎಂದು, ಕಂಪ್ರೆಸರ್ ಗುರ್ರೆಂದು, ಮತ್ತೆ ‘ಟಕ್’ ಎಂದರೆ ಅದೂ ಇದೇ. ಅಲ್ಲಿಯೂ ಓಎಲ್‌ಪಿ (ಕಂಪ್ರೆಸರಿನ ಓವರ್‌ಲೋಡ್ ರಕ್ಷಕ) ಬದಲಿಸುವ ಮುಂಚೆ ಸ್ಟಾರ್ಟಿಂಗ್ ರಿಲೇ, ಕೆಪ್ಯಾಸಿಟರ್, ಓಲ್ಟೇಜ್ ನೋಡಿ.

ಸಕ್ಕರೆ ಕಾರ್ಖಾನೆಯ ಟರ್ಬೈನ್

ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಕೋಜನ್ (ಕಾರ್ಖಾನೆಯ ಹಬೆಯಿಂದಲೇ ವಿದ್ಯುತ್ ಮಾಡುವ) ಟರ್ಬೈನ್ ನಡೆಸುವವರು ನೋಡಬೇಕಾದ ಕಂಪನ ಬೇರೆ ಬಗೆಯದು. ತಿರುಗುವ ಶಾಫ್ಟು ಸೀಲಿಗೋ, ಎಣ್ಣೆ ಹೊರಬರದಂತೆ ತಡೆಯುವ ಹಲ್ಲಿನ ಉಂಗುರವಾದ ಆಯಿಲ್ ಗಾರ್ಡಿಗೋ ಹಗುರಾಗಿ ಸವರುತ್ತದೆ. ಹೊರಕ್ಕೆ ಬಾಗಿದ ಪಕ್ಕವೇ ಪ್ರತಿ ಸುತ್ತೂ ತಾಗುವುದರಿಂದ ಆ ಪಕ್ಕ ಮಾತ್ರ ಕಾಯುತ್ತದೆ, ಹಿಗ್ಗುತ್ತದೆ, ಶಾಫ್ಟು ಆ ಕಡೆಗೇ ಇನ್ನಷ್ಟು ಬಾಗುತ್ತದೆ. 1926ರಲ್ಲಿ ಎಂಜಿನಿಯರ್ ನ್ಯೂಕಿರ್ಕ್ ಇದನ್ನು ವಿವರಿಸಿದ್ದರಿಂದ ಅವನ ಹೆಸರಲ್ಲೇ ಕರೆಯುತ್ತಾರೆ.

ಗುರುತು ಹಿಡಿಯುವುದು ಹೀಗೆ: ವೇಗ, ಲೋಡ್, ಸ್ಟೀಮ್ ಎಲ್ಲ ಒಂದೇ ಸಮ ಇದ್ದರೂ, ಸುತ್ತಿಗೊಮ್ಮೆ ಬರುವ ಕಂಪನದ ಪ್ರಮಾಣ ಹತ್ತಾರು ನಿಮಿಷಗಳಲ್ಲಿ ನಿಧಾನವಾಗಿ ಏರಿ ಇಳಿಯುತ್ತದೆ, ಜೊತೆಗೆ ಅದರ ಫೇಸ್ ಕೋನವೂ (ಸುತ್ತಿನ ಯಾವ ಕೋನದಲ್ಲಿ ಕಂಪನ ಗರಿಷ್ಠ ಎಂಬುದು) ಸರಿಯುತ್ತ 360 ಡಿಗ್ರಿ ಸುತ್ತುತ್ತದೆ. ಪ್ರಮಾಣವನ್ನೂ ಕೋನವನ್ನೂ ಒಟ್ಟಿಗೆ ಗುರುತಿಸುವ ಪೋಲಾರ್ ಪ್ಲಾಟಿನಲ್ಲಿ ಸುರುಳಿ ಕಾಣುತ್ತದೆ. ಬರೀ ಅನ್‌ಬ್ಯಾಲೆನ್ಸ್ ಆಗಿದ್ದರೆ ಕೋನ ನಿಂತಲ್ಲೇ ನಿಲ್ಲಬೇಕು. ಹೀಗಾಗಿ ಪ್ರಮಾಣ ಮಾತ್ರ ಬರೆಯುವ ಲಾಗ್‌ಬುಕ್ ಸಾಲದು, ಕೋನದ ಕಾಲಂ ಹಾಕಿಸಿ. ಐದು ನಿಮಿಷಕ್ಕೊಮ್ಮೆ ಬರೆದರೆ ಎರಡು ಗಂಟೆಯಲ್ಲಿ ಚಿತ್ರ ಸಿಗುತ್ತದೆ. ಆ ಎರಡು ಗಂಟೆ ಕಾಯುವುದು ಕಂಪನ ಅಲಾರ್ಮ್ ಮಿತಿಯೊಳಗೆ ಇದ್ದರೆ ಮಾತ್ರ.

ಸ್ಟಾರ್ಟ್ ಮಾಡುವಾಗ ಕ್ರಿಟಿಕಲ್ ಸ್ಪೀಡಿನ (ಶಾಫ್ಟು ತನ್ನ ಸಹಜ ಕಂಪನಕ್ಕೆ ಸಿಕ್ಕಿ ಜೋರಾಗಿ ಅಲುಗುವ ವೇಗ) ಕೆಳಗೆ ಹೀಗಾದರೆ ಅದು ಹೆಚ್ಚು ಅಪಾಯದ್ದು. ಅಲ್ಲಿ ಭಾರದ ಪಕ್ಕವೂ ಹೊರಬಾಗಿದ ಪಕ್ಕವೂ ಹತ್ತಿರ ಹತ್ತಿರ ಒಂದೇ ಕಡೆ ಇರುವುದರಿಂದ ಬಾಗು ಬಾಗನ್ನೇ ಬೆಳೆಸುತ್ತದೆ. ‘ವೇಗ ಏರಿಸಿ ದಾಟಿಸಿಬಿಡೋಣ’ ಎಂಬ ಆತುರ ಅಲ್ಲಿ ಬೇಡ. ವೇಗ ಇಳಿಸಿ, ಬ್ಯಾರಿಂಗ್ ಗೇರಿಗೆ (ಶಾಫ್ಟನ್ನು ನಿಧಾನ ತಿರುಗಿಸುವ ಸಾಧನ) ಹಾಕಿ, ಶಾಫ್ಟಿನ ಬಾಗು ಮೊದಲಿನ ಅಳತೆಗೆ ಬರುವ ತನಕ ನಿಧಾನ ತಿರುಗಿಸಿ. ಬಿಸಿ ರೋಟರನ್ನು ತಿರುಗಿಸದೆ ಸುಮ್ಮನೆ ನಿಲ್ಲಿಸಿದರೆ ಮೇಲಿನ ಪಕ್ಕ ಬಿಸಿ, ಕೆಳಗಿನ ಪಕ್ಕ ತಂಪಾಗಿ ಬೇರೆಯೇ ಬಾಗು ಬರುತ್ತದೆ.

ಬಿಚ್ಚಿದಾಗ ಮೊದಲು ನೋಡಬೇಕಾದ್ದು ಗ್ಲ್ಯಾಂಡಿನ (ಶಾಫ್ಟು ಹೊರಬರುವಲ್ಲಿ ಸ್ಟೀಮ್ ತಡೆಯುವ ಸೀಲು) ಪಕ್ಕದ ಆಯಿಲ್ ಗಾರ್ಡ್. ಬಿಸಿಗೆ ಎಣ್ಣೆ ಸುಟ್ಟು, ಹಂಚಿನ ಕರಿಯಂತೆ ಗಟ್ಟಿ ಇದ್ದಿಲಾಗಿ ಹಲ್ಲುಗಳ ನಡುವೆ ಕೂತಿರುತ್ತದೆ. ಹಲ್ಲಿನ ಕ್ಲಿಯರೆನ್ಸ್ ಸರಿಯಿದ್ದರೂ ಶಾಫ್ಟನ್ನು ಸವರುವುದು ಈ ಕರಿ. ಹಿತ್ತಾಳೆಯ ಕೆರೆಗಡ್ಡಿಯಿಂದ ಕೆರೆದು ತೆಗೆಯಿರಿ, ಉಕ್ಕಿನ ಚಾಣ ಬಳಸಿದರೆ ಹಲ್ಲು ಮುಕ್ಕಾಗುತ್ತದೆ. ಆಮೇಲೆ ಫೀಲರ್ ಗೇಜಿನಿಂದ ಸುತ್ತಲೂ ನಾಲ್ಕು ಕಡೆ ಅಳೆದು ತಯಾರಕರ ಪಟ್ಟಿಯ ಜೊತೆ ಹೋಲಿಸಿ. ಎಣ್ಣೆ ಅಲ್ಲಿಗೆ ಬಂದದ್ದು ಹೇಗೆ, ಗ್ಲ್ಯಾಂಡ್ ಸ್ಟೀಮ್ ಬೇರಿಂಗ್ ಕಡೆಗೆ ಸೋರುತ್ತಿದೆಯೇ ಎಂಬುದನ್ನು ನೋಡದೆ ಮುಚ್ಚಿದರೆ ಅದೇ ಹಂಗಾಮಿನಲ್ಲಿ ಮತ್ತೆ ಬಿಚ್ಚಬೇಕಾಗುತ್ತದೆ.